ತಲೆ ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಇಲ್ಲ ಅಂತಾರೆ, ಕಣ್ಣೂ ಬಿಟ್ಟಿದ್ದಾನೆ. ಆದರೂ ಎಚ್ಚರ ಯಾಕಿಲ್ಲ?

ಕುಂದಗೋಳ_ಕಡೆಯವ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾನ ಮಗ ಗದಗದಿಂದ ಹುಬ್ಬಳ್ಳಿಗೆ ರಾತ್ರಿ ಬೈಕ್ ಮೇಲೆ ಬರುತ್ತಿದ್ದ. ಅಣ್ಣಿಗೇರಿ ದಾಟಿದ ಮೇಲೆ ಹತ್ತಿ ಹೇರಿಕೊಂಡು ರಸ್ತೆ ಬದಿ ನಿಂತಿದ್ದ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ್ದಾನೆ. ಟ್ರೇಲರ್‌ಗೆ ಲೈಟಿಲ್ಲ, ರೇಡಿಯಂ ಇಲ್ಲ. ಹೆಲ್ಮೆಟ್ ಇತ್ತು, ಬೆಲ್ಟ್ ಹಾಕಿರಲಿಲ್ಲ. ಅದು ಹಾರಿ ಹೊಲಕ್ಕೆ ಬಿದ್ದಿತ್ತು.

ಬಿದ್ದ ಗಳಿಗೆಯಿಂದ ಎಚ್ಚರ ಇಲ್ಲ. ಸಿಟಿ ಸ್ಕ್ಯಾನ್ ಮಾಡಿದರು. ದೊಡ್ಡ ರಕ್ತಸ್ರಾವ ಇಲ್ಲ, ಆಪರೇಷನ್ ಬೇಕಿಲ್ಲ ಅಂದರು. ನಾವು ಎರಡು ದಿನದಲ್ಲಿ ಏಳ್ತಾನೆ ಅಂದುಕೊಂಡೆವು. ಈಗ ಮೂರನೇ ವಾರ ನಡೆದಿದೆ. ಕುತ್ತಿಗೆಗೆ ತೂತು ಮಾಡಿ ಪೈಪ್ ಹಾಕಿದ್ದಾರೆ. ಮೊನ್ನೆಯಿಂದ ಕಣ್ಣು ತೆರೆಯುತ್ತಿದ್ದಾನೆ. ಕಾಕಿ ಆಗಲೇ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಆದರೆ ಡಾಕ್ಟರು "ಕಣ್ಣು ಬಿಟ್ಟಿದ್ದು ಒಳ್ಳೇದೇ, ಆದರೆ ಎಚ್ಚರ ಬಂದಿಲ್ಲ" ಅಂತ ಹೇಳಿ ಹೊರಟೇಬಿಟ್ಟರು.

ರಕ್ತ ಹೆಪ್ಪುಗಟ್ಟಿಲ್ಲ ಅಂದಮೇಲೆ ಏಳೋದಿಲ್ಲ ಯಾಕೆ? ಕಣ್ಣು ತೆರೆದಿದ್ದಾನೆ, ಎಚ್ಚರ ಇಲ್ಲ ಅಂದರೆ ಏನರ್ಥ? ಮನೆಯಲ್ಲಿ ಅರ್ಧ ಜನ ಬೆಂಗಳೂರು ಅಂತಾರೆ, ಅರ್ಧ ಜನ ಮಿರಜ್ ಅಂತಾರೆ. ಗೊತ್ತಿದ್ದವರು ಹೇಳಿ.

ಮಿರ್ಚಿ_ಗಿರ್ಮಿಟ್
ಧೈರ್ಯ ಇರಲಿ ಅಣ್ಣಾ. ಆ ರಸ್ತೆಯಲ್ಲಿ ಸುಗ್ಗಿ ಬಂದರೆ ಟ್ರೇಲರ್‌ಗಳದ್ದೇ ಕಾಟ. ಹತ್ತು ರೂಪಾಯಿ ರೇಡಿಯಂ ಪಟ್ಟಿ ಅಂಟಿಸೋಕೆ ಇವರಿಗೇನು ಕಷ್ಟ?

ಹಳೇ_ಹುಬ್ಬಳ್ಳಿ_ಹಿರಿಯ
ಉಳ್ಳಾಗಡ್ಡಿ ಜಜ್ಜಿ ಮೂಗಿನ ಹತ್ತಿರ ಹಿಡಿಯಿರಿ. ನಮ್ಮ ಕಾಲದಲ್ಲಿ ಹೀಗೇ ಎಬ್ಬಿಸುತ್ತಿದ್ದೆವು. ಕೈಯಲ್ಲಿ ಕಬ್ಬಿಣದ ಕೀಲಿ ಕೊಡಿ.

ಸಿಸ್ಟರ್_ನವನಗರ
ಹಿರಿಯರೇ, ದಯವಿಟ್ಟು ಬೇಡ. ಉಳ್ಳಾಗಡ್ಡಿ, ಕೀಲಿ ಫಿಟ್ಸ್‌ಗೂ ಕೆಲಸಕ್ಕೆ ಬರೋದಿಲ್ಲ, ಇದಕ್ಕಂತೂ ಇಲ್ಲವೇ ಇಲ್ಲ. ಬಾಯಿಗೆ ತೀರ್ಥ, ನೀರು ಹಾಕುವವರೂ ಇದ್ದಾರೆ. ಎಚ್ಚರ ಇಲ್ಲದವರಿಗೆ ನುಂಗೋಕೆ ಬರೋದಿಲ್ಲ, ನೇರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ತಲೆಪೆಟ್ಟಿನಿಂದ ಉಳಿದವರು ನ್ಯುಮೋನಿಯಾದಿಂದ ಹೋಗಿದ್ದನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ರಾತ್ರಿಪಾಳಿ
ನಾನು ನ್ಯೂರೋ ಐಸಿಯುನಲ್ಲಿ ಕೆಲಸ ಮಾಡುವವನು. ನಿಮ್ಮ ತಮ್ಮನನ್ನು ನೋಡಿಲ್ಲ, ಅವನು ಏಳ್ತಾನಾ ಇಲ್ವಾ ಅಂತ ಹೇಳೋಕೆ ಆಗೋದಿಲ್ಲ. ನಿಮ್ಮ 'ಯಾಕೆ'ಗೆ ಮಾತ್ರ ಉತ್ತರ ಕೊಡ್ತೀನಿ.

ನಾವು ಎಚ್ಚರ ಅನ್ನೋದರಲ್ಲಿ ಎರಡು ಕೆಲಸ ಸೇರಿವೆ. ಒಂದು ಕಣ್ಣು ತೆರೆದು ಜಾಗೃತವಾಗಿರುವುದು. ಇನ್ನೊಂದು ಸುತ್ತ ಏನಾಗುತ್ತಿದೆ ಅಂತ ತಿಳಿಯುವುದು. ಮೊದಲನೆಯದು ನಡೆಯುವುದು ಮೆದುಳಿನ ಬುಡದಲ್ಲಿ, ಮೆದುಳುಕಾಂಡದ ಮೇಲ್ಭಾಗದಲ್ಲಿ. ಅಲ್ಲಿ ನರಕೋಶಗಳ ಒಂದು ಜಾಲ ಇದೆ. 1949ರಲ್ಲಿ ಮೊರುಜ್ಜಿ ಮತ್ತು ಮಗೂನ್ ಅನ್ನೋ ಇಬ್ಬರು ಅರಿವಳಿಕೆ ಕೊಟ್ಟ ಬೆಕ್ಕುಗಳ ಆ ಜಾಗಕ್ಕೆ ಸಣ್ಣ ಕರೆಂಟ್ ಮುಟ್ಟಿಸಿದರು. ಇಡೀ ಮೆದುಳಿನ ಅಲೆಗಳು ಎಚ್ಚರದ ಅಲೆಗಳಾಗಿಬಿಟ್ಟವು. ಈ ಜಾಲದಿಂದ ಸಂದೇಶ ಮೆದುಳಿನ ನಡುಭಾಗದಲ್ಲಿರುವ ಥಲಾಮಸ್‌ಗೆ ಹೋಗಿ, ಅಲ್ಲಿಂದ ಮೆದುಳಿನ ಮೇಲ್ಪದರಕ್ಕೆ ಹರಡುತ್ತದೆ. ತಿಳಿಯುವ ಕೆಲಸಕ್ಕೆ ಆ ಮೇಲ್ಪದರವೂ ಬೇಕು, ಅದರ ಭಾಗಗಳ ನಡುವೆ ಸಂಪರ್ಕವೂ ಬೇಕು.

ಹಾಗಾಗಿ ಕೋಮಾ ಆಗಬೇಕಾದರೆ ಬುಡದ ಜಾಲ ಅಥವಾ ಥಲಾಮಸ್ ಕೆಡಬೇಕು, ಇಲ್ಲವೇ ಎರಡೂ ಬದಿಯ ಮೇಲ್ಪದರ ಒಟ್ಟಿಗೆ ಕೆಡಬೇಕು, ಇಲ್ಲವೇ ಇವನ್ನು ಕೂಡಿಸುವ ನರದ ಎಳೆಗಳು ಹಾಳಾಗಬೇಕು. ಒಂದೇ ಬದಿಗೆ ಪೆಟ್ಟಾದರೆ ಕೈಕಾಲು ಬೀಳಬಹುದು, ಮಾತು ಹೋಗಬಹುದು. ಸಾಮಾನ್ಯವಾಗಿ ಎಚ್ಚರ ಹೋಗೋದಿಲ್ಲ. ಆ ಬದಿ ಊದಿಕೊಂಡು ಇನ್ನೊಂದು ಬದಿಯನ್ನೋ ಬುಡವನ್ನೋ ಒತ್ತಿದರೆ ಮಾತ್ರ ಹೋಗುತ್ತದೆ.

ನಿಮ್ಮ ತಮ್ಮನ ಕತೆ ಕೇಳಿದರೆ ಎಳೆಗಳದ್ದೇ ಅನುಮಾನ. ಜೋರಾಗಿ ಓಡುತ್ತಿದ್ದ ತಲೆ ತಟ್ಟನೆ ನಿಂತಾಗ, ತಿರುಚಿದಾಗ, ಮೆದುಳಿನ ಬೂದು ಭಾಗ ಒಂದು ವೇಗದಲ್ಲಿ, ಬಿಳಿ ಭಾಗ ಇನ್ನೊಂದು ವೇಗದಲ್ಲಿ ಸರಿಯುತ್ತವೆ. ನಡುವೆ ಇರೋ ಸಾವಿರಾರು ಸೂಕ್ಷ್ಮ ಎಳೆಗಳು ಎಳೆದಂತಾಗುತ್ತವೆ. ಕೇಸ್ ಶೀಟಿನಲ್ಲಿ ಡಿಎಐ ಅಂತ ಬರೆದಿದೆಯಾ ನೋಡಿ. ಡಿಫ್ಯೂಸ್ ಆಕ್ಸೋನಲ್ ಇಂಜುರಿ, ಅಂದರೆ ಈ ಎಳೆಗಳಿಗೆ ಅಲ್ಲಲ್ಲಿ ಹರಡಿಕೊಂಡು ಆದ ಗಾಯ. ಇದರಲ್ಲಿ ಸಿಟಿ ಬಹಳ ಸಲ ನಾರ್ಮಲ್ ಅಂತಲೇ ಕಾಣುತ್ತದೆ.

ಹೆಸ್ಕಾಂ_ಕಂಬ
ನಾನು ಲೈನ್‌ಮ್ಯಾನ್. ನಮ್ಮ ಭಾಷೆಯಲ್ಲಿ ಹೇಳಲಾ? ಸ್ಟೇಷನ್ ಸರಿ ಇದೆ, ಮನೆ ವೈರಿಂಗ್ ಸರಿ ಇದೆ. ನಡುವೆ ಊರೆಲ್ಲಾ ಲೈನ್ ಹರಿದಿದೆ. ದೂರದಿಂದ ಫೋಟೋ ತೆಗೆದರೆ ಕಂಬಗಳೆಲ್ಲ ನೆಟ್ಟಗೆ ನಿಂತಿವೆ. ಸಿಟಿ ಸ್ಕ್ಯಾನ್ ಅಂದರೆ ಆ ಫೋಟೋ. ಸರೀನಾ ಸರ್?

ರಾತ್ರಿಪಾಳಿ
@ಹೆಸ್ಕಾಂ_ಕಂಬ ಮುಕ್ಕಾಲು ಪಾಲು ಸರಿ. ಒಂದು ವ್ಯತ್ಯಾಸ ಇದೆ. ಹೆಚ್ಚಿನ ಎಳೆಗಳು ಪೆಟ್ಟು ಬಿದ್ದ ಕ್ಷಣದಲ್ಲೇ ತುಂಡಾಗೋದಿಲ್ಲ. ಎಳೆತಕ್ಕೆ ಗಾಯವಾಗಿ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಸಾಗಾಟ ನಿಲ್ಲುತ್ತದೆ, ಆ ಜಾಗ ಊದುತ್ತದೆ. ಆಮೇಲೆ ಕೆಲವು ಗಂಟೆಗಳಲ್ಲಿ, ಕೆಲವು ದಿನಗಳಲ್ಲಿ ತುಂಡಾಗುತ್ತವೆ. ಕೆಲವು ಚೇತರಿಸಿಕೊಳ್ಳುತ್ತವೆ. ಅದಕ್ಕೇ ಮೊದಲ ವಾರದಲ್ಲಿ ಯಾರಾದರೂ "ಇಂಥ ದಿನ ಏಳ್ತಾನೆ" ಅಂತ ಹೇಳಿದರೆ ನಂಬಬೇಡಿ. "ಏಳೋದೇ ಇಲ್ಲ" ಅಂದರೂ ನಂಬಬೇಡಿ.

ಏಲಕ್ಕಿ_ಹಾರ
ಹಾವೇರಿಯಿಂದ. ನಮ್ಮಲ್ಲಿ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಇದರ ಉಲ್ಟಾ ನೋಡಿದ್ದೇನೆ. ನಮ್ಮ ಓಣಿಯ ಹುಡುಗ ಕೊಬ್ಬರಿ ಕೀಳೋಕೆ ಹೋಗಿ, ಹೋರಿ ತಿವಿದು ಬಿದ್ದ. ಕಿವಿಯ ಮೇಲೆ ಕಲ್ಲು ಬಡಿದಿತ್ತು. ಒಂದು ನಿಮಿಷ ಎಚ್ಚರ ತಪ್ಪಿತ್ತು ಅಷ್ಟೇ. ಎದ್ದು ಕೂತ, ಚಹಾ ಕುಡಿದ, ಹೋರಿ ಯಾವ ಊರಿನದು ಅಂತ ಜಗಳ ಕೂಡ ಮಾಡಿದ. ಮನೆಗೆ ಹೋಗಿ "ತಲೆ ಸಿಡೀತಿದೆ" ಅಂತ ಮಲಗಿದವನು ಸಂಜೆಗೆ ಎಬ್ಬಿಸಿದರೆ ಏಳಲಿಲ್ಲ. ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ತಲೆಬುರುಡೆ ತೆಗೆದು ಹೆಪ್ಪು ತೆಗೆದರು. ಈಗ ಟೆಂಪೋ ಓಡಿಸ್ತಾನೆ. ಇದು ಹೇಗೆ? ಇವನಿಗೆ ಇಷ್ಟು ರಕ್ತ ಬಂದೂ ಎದ್ದ, ಅವರ ತಮ್ಮನಿಗೆ ರಕ್ತವೇ ಇಲ್ಲ, ಏಳ್ತಿಲ್ಲ.

ರಾತ್ರಿಪಾಳಿ
ಒಳ್ಳೇ ಪ್ರಶ್ನೆ. ನಿಮ್ಮ ಹುಡುಗನದ್ದು ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ ಇರಬೇಕು. ಕಿವಿಯ ಮೇಲಿನ ಮೂಳೆ ತೆಳ್ಳಗಿದೆ, ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಮೂಳೆ ಬಿರಿದರೆ ಅದು ಹರಿಯುತ್ತದೆ. ರಕ್ತ ಸೇರುವುದು ಮೂಳೆ ಮತ್ತು ಮೆದುಳಿನ ಹೊದಿಕೆಯ ನಡುವೆ. ಅಂದರೆ ಮೆದುಳಿಗೆ ನೇರ ಗಾಯ ಅಷ್ಟಾಗಿ ಆಗಿರೋದಿಲ್ಲ. ಅದಕ್ಕೇ ಎದ್ದು ಚಹಾ ಕುಡಿದ. ಆಮೇಲೆ ಒತ್ತಡ ಏರಿತು. ಬುರುಡೆ ಹಿಗ್ಗೋದಿಲ್ಲ. ಒಳಗೆ ಇರುವುದು ಮೆದುಳು, ರಕ್ತ, ಬೆನ್ನುಹುರಿಯ ದ್ರವ. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಬಿಡೋಕೆ ಜಾಗ ಮುಗಿದ ಮೇಲೆ ಮೆದುಳೇ ಕೆಳಕ್ಕೆ ಜಾರಿ ಬುಡವನ್ನು ಒತ್ತುತ್ತದೆ. ಆಗ ಎಚ್ಚರ ಹೋಗುತ್ತದೆ, ಒಂದು ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಸಮಯಕ್ಕೆ ಸರಿಯಾಗಿ ಹೆಪ್ಪು ತೆಗೆದರೆ ಪೂರ್ತಿ ಸರಿ ಹೋಗಬಹುದು. ತಡವಾದರೆ ಕತೆ ಮುಗೀತು.

ತಲೆಗೆ ಬಿದ್ದು ಎಚ್ಚರ ತಪ್ಪಿ ಎದ್ದವರನ್ನು "ಆರಾಮ ಇದ್ದಾನೆ, ಮಲಗಲಿ ಬಿಡು" ಅಂತ ಬಿಡಬೇಡಿ. ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಮಂಪರು, ಇಷ್ಟರಲ್ಲಿ ಒಂದಿದ್ದರೂ ಸಿಟಿ ಸ್ಕ್ಯಾನ್ ಇರುವ ದವಾಖಾನೆಗೆ ಕರ್ಕೊಂಡು ಹೋಗಿ.

ಲಕ್ಷ್ಮೇಶ್ವರ_ಅಕ್ಕ
ನಮ್ಮ ಮಾವನವರಿಗೆ ಹಳೇ ಮನೆ ಬಾಗಿಲ ಚೌಕಟ್ಟು ಹಣೆಗೆ ಬಡಿದಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಿಂಗಳಾದ ಮೇಲೆ ಊಟ ಮಾಡ್ತಾ ಮಾಡ್ತಾ ನಿದ್ದೆ ಹೋಗ್ತಿದ್ದರು. ವಯಸ್ಸಾಯ್ತು, ಅರಳುಮರಳು ಅಂದುಕೊಂಡೆವು.

ಸಿಸ್ಟರ್_ನವನಗರ
ಅಕ್ಕಾ, ಅದು ಅರಳುಮರಳು ಅಲ್ಲದೇ ಇರಬಹುದು. ಪೆಟ್ಟಾದ ಮೇಲೆ ತಲೆಯೊಳಗೆ ನಿಧಾನಕ್ಕೆ ರಕ್ತ ಸೇರೋದು ವಯಸ್ಸಾದವರಲ್ಲಿ ಜಾಸ್ತಿ. ಮೆದುಳು ಸ್ವಲ್ಪ ಕುಗ್ಗಿರುತ್ತದೆ, ಮೇಲಿನ ಸಣ್ಣ ರಕ್ತನಾಳಗಳು ಬಿಗಿದಿರುತ್ತವೆ, ಸಣ್ಣ ಪೆಟ್ಟಿಗೂ ಹರಿದು ನಿಧಾನಕ್ಕೆ ರಕ್ತ ಸೇರುತ್ತಾ ಹೋಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ.

ಬೈಪಾಸ್_ಬಲಿಪಶು
ಎಲ್ಲದಕ್ಕೂ ಮೂಲ ರಸ್ತೆಗಳು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಎಷ್ಟು ವರ್ಷ ಎರಡೇ ಲೇನ್ ಇತ್ತು, ನಡುವೆ ಡಿವೈಡರ್ ಇಲ್ಲ, ಟೋಲ್ ಮಾತ್ರ ತಪ್ಪದೆ ಕೊಟ್ಟೆವು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಗೋವಾಕ್ಕೆ ಹೊರಟಿದ್ದರಲ್ಲ, ಆ ಅಪಘಾತ ಮರೆತಿರಾ?

ಮಿರ್ಚಿ_ಗಿರ್ಮಿಟ್
ಮರೆತಿಲ್ಲ. ಆದರೆ ಇವರದ್ದು ಗದಗ ರಸ್ತೆ. ಬೈಪಾಸ್ ಬೈಯೋಕೆ ಬೇರೆ ಚರ್ಚೆ ಇದೆ, ಅಲ್ಲಿ ಹೋಗಿ ಬೈಯೋಣ, ನಾನೂ ಬರ್ತೀನಿ.

ಕುಂದಗೋಳ_ಕಡೆಯವ
ಸರ್, ಕೇಸ್ ಶೀಟ್ ನೋಡಿದೆ. ಡಿಎಐ ಪ್ರಶ್ನಾರ್ಥಕ ಚಿಹ್ನೆ ಅಂತ ಬರೆದಿದೆ. ಕೆಳಗೆ ದಿನಾ ಇ4 ವಿಟಿ ಎಂ4 ಅಂತ ಇದೆ. ಇದೇನು? ಇನ್ನೊಂದು ವಿಷಯ. ಕಾಕಿ ಅಂಗೈಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ತಾನೆ. ಬಿಡಿಸಿಕೊಳ್ಳೋಕೆ ಆಗದಷ್ಟು. ಅದು ಗುರುತು ಹಿಡಿದಂತೆ ಅಲ್ವಾ?

ಸಿಸ್ಟರ್_ನವನಗರ
ಇದನ್ನು ನಾನು ಹೇಳ್ತೀನಿ, ಪ್ರತಿ ಶಿಫ್ಟ್‌ನಲ್ಲೂ ಬರೆಯುವವಳು ನಾನೇ. ಗ್ಲಾಸ್ಗೋ ಕೋಮಾ ಸ್ಕೇಲ್ ಅದು. 1974ರಲ್ಲಿ ಗ್ಲಾಸ್ಗೋ ಊರಿನ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿದ್ದು. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6. ಒಟ್ಟು 15 ಇದ್ದರೆ ಪೂರ್ತಿ ಎಚ್ಚರ. ಏನೂ ಇಲ್ಲದಿದ್ದರೂ 3 ಸಿಗುತ್ತದೆ. ಅದಕ್ಕೆ "3 ಇದೆಯಲ್ಲ ಸಿಸ್ಟರ್, ಸೊನ್ನೆ ಅಲ್ಲವಲ್ಲ" ಅಂತ ಕೇಳುವವರಿಗೆ ಉತ್ತರ ಕೊಡೋದು ಬಹಳ ಕಷ್ಟ. ಇ4 ಅಂದರೆ ತಾನಾಗೇ ಕಣ್ಣು ಬಿಡ್ತಾನೆ. ವಿಟಿ ಅಂದರೆ ಕುತ್ತಿಗೆಯಲ್ಲಿ ಪೈಪ್ ಇದೆ, ಮಾತು ನೋಡೋಕೆ ಆಗೋದಿಲ್ಲ. ಮುಖ್ಯವಾದದ್ದು ಎಂ. ನಾವು ಉಗುರಿನ ಬುಡಕ್ಕೆ ಪೆನ್ ಇಟ್ಟು ಒತ್ತುತ್ತೇವೆ, ಹುಬ್ಬಿನ ಕೆಳಗಿನ ಮೂಳೆ ಒತ್ತುತ್ತೇವೆ. ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ 4. ನೋವಿನ ಜಾಗಕ್ಕೇ ಕೈ ತಂದು ನಮ್ಮ ಕೈ ತಳ್ಳಿದರೆ 5. ಹೇಳಿದ ಮಾತು ಕೇಳಿ ಮಾಡಿದರೆ 6. ಮನೆಯವರು "ಹಿಂಸೆ ಕೊಡ್ತಾರೆ" ಅಂತ ಬೈತಾರೆ. ಹಿಂಸೆ ಅಲ್ಲ, ಬೇರೆ ದಾರಿ ಇಲ್ಲ.

ಬೆರಳು ಹಿಡಿಯುವುದು... ಅಂಗೈ ಮುಟ್ಟಿದರೆ ತಾನಾಗೇ ಮುಚ್ಚಿಕೊಳ್ಳುವುದು ಹಸುಗೂಸುಗಳಲ್ಲೂ ಇದೆ. ಕಾಕಿಗೆ ಹೀಗೆ ಹೇಳಿ: "ಬಿಡು" ಅಂತ ಹೇಳಿ ನೋಡಲಿ. "ಎರಡು ಬೆರಳು ತೋರಿಸು" ಅನ್ನಲಿ. ಬೇರೆ ಬೇರೆ ಹೊತ್ತಿನಲ್ಲಿ ಕೇಳಲಿ, ಒಂದೇ ಸಲಕ್ಕೆ ತೀರ್ಮಾನ ಬೇಡ. ಇನ್ನೊಂದು ಕೆಲಸ, ಒಂದು ಕೈಗನ್ನಡಿ ತಗೊಂಡು ಹೋಗಿ. ಅವನ ಮುಖ ಅವನಿಗೇ ಕಾಣುವಂತೆ ಹಿಡಿದು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಸರಿಸಿ. ಕಣ್ಣು ಕನ್ನಡಿಯ ಹಿಂದೆ ಹೋಗುತ್ತಾ ನೋಡಿ. ನಾವು ಬೆರಳು ಆಡಿಸಿದರೆ ನೋಡದವರಲ್ಲೂ ಕೆಲವರು ಕನ್ನಡಿಯಲ್ಲಿ ತಮ್ಮ ಮುಖದ ಹಿಂದೆ ಹೋಗುತ್ತಾರೆ.

ರಾತ್ರಿಪಾಳಿ
ಸಿಸ್ಟರ್ ಹೇಳಿದ್ದು ಚಿನ್ನದಂಥ ಮಾತು. ಕಣ್ಣಿನ ಪ್ರಶ್ನೆಗೆ ಸೇರಿಸ್ತೀನಿ. ಕೋಮಾ ಅಂದರೆ ಕಣ್ಣು ಮುಚ್ಚಿರುತ್ತದೆ, ಅದು ವರ್ಷಗಟ್ಟಲೆ ಇರೋದು ಬಹಳ ಅಪರೂಪ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬುಡದ ಜಾಲ ಚೇತರಿಸಿಕೊಂಡು ಕಣ್ಣು ತೆರೆಯುತ್ತದೆ, ನಿದ್ದೆ ಎಚ್ಚರದ ಚಕ್ರ ಶುರುವಾಗುತ್ತದೆ. ಆದರೆ ಮೇಲ್ಪದರಕ್ಕೆ ಸಂಪರ್ಕ ಕೂಡದಿದ್ದರೆ ತಿಳಿವು ಇರೋದಿಲ್ಲ. ಆಕಳಿಸ್ತಾರೆ, ಹಲ್ಲು ಕಡೀತಾರೆ, ಕಣ್ಣಲ್ಲಿ ನೀರೂ ಬರುತ್ತದೆ. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಇದನ್ನು ವೆಜಿಟೇಟಿವ್ ಸ್ಟೇಟ್ ಅಂತ ಕರೆದರು. ಅದರ ಮುಂದಿನ ಮೆಟ್ಟಿಲು ಅಲ್ಪ ಪ್ರಜ್ಞೆ: ಕನ್ನಡಿ ಹಿಂದೆ ಕಣ್ಣು ಹೋಗೋದು, ಒಮ್ಮೆ ಹೇಳಿದ್ದು ಮಾಡೋದು, ಹತ್ತು ಸಲ ಮಾಡದೇ ಇರೋದು.

ನಾಳೆ ಡಾಕ್ಟರ ಹತ್ತಿರ ಇವಿಷ್ಟು ಕೇಳಿ. ನಿದ್ದೆ ಔಷಧಿ ಎಲ್ಲಾ ನಿಂತು ಎಷ್ಟು ದಿನವಾಯಿತು? ರಕ್ತದಲ್ಲಿ ಸೋಡಿಯಂ ಎಷ್ಟಿದೆ? ಹೊರಗೆ ಕಾಣದ ಫಿಟ್ಸ್ ಇದೆಯಾ ಅಂತ ಇಇಜಿ, ಅಂದರೆ ಮೆದುಳಿನ ಅಲೆ ನೋಡುವ ಪರೀಕ್ಷೆ, ಮಾಡಿದ್ದಾರಾ? ಎಂಆರ್‌ಐ ಆಗಿದೆಯಾ? ಮೊದಲ ಮೂರೂ ಏಳದಿರೋಕೆ ಕಾರಣ ಆಗಬಹುದು, ಮೂರಕ್ಕೂ ಚಿಕಿತ್ಸೆ ಇದೆ. ಜಗಳದ ಧಾಟಿಯಲ್ಲಿ ಕೇಳಬೇಡಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಉಣಕಲ್_ಕೆರೆ_ದಂಡೆ
ಎಲ್ಲಾ ವಿಜ್ಞಾನ ಸರಿ, ಪವಾಡವೂ ಇದೆ. ನಮ್ಮ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದ ಕೆಳಗೆ ಆರು ದಿನ ಇದ್ದು ಜೀವಂತ ಸಿಗಲಿಲ್ವಾ? ಇಡೀ ಧಾರವಾಡ ಜಿಲ್ಲೆ ಪೂಜೆ ಮಾಡಿತ್ತು.

ಕುಂದಗೋಳ_ಕಡೆಯವ
ನಮ್ಮ ತಾಲ್ಲೂಕಿನವರೇ ಅವರು. ಅವರು ತೀರಿಕೊಂಡ ದಿನ, 2016ರ ಫೆಬ್ರವರಿ 11, ಮರೆಯೋಕೆ ಆಗೋದಿಲ್ಲ.

ರಾತ್ರಿಪಾಳಿ
ಅವರ ಮೇಲಿನ ಗೌರವಕ್ಕೆ ಎರಡು ಮಾತಿಲ್ಲ. ಆದರೆ ಆ ಗಾಯ ಬೇರೆ, ಈ ಗಾಯ ಬೇರೆ. ದೆಹಲಿಯ ಸೇನಾ ಆಸ್ಪತ್ರೆಯ ವೈದ್ಯರು ಆಗ ಮೆದುಳಿಗೆ ಆಮ್ಲಜನಕ ಕಡಿಮೆಯಾದ ಗುರುತು ಸಿಟಿಯಲ್ಲಿದೆ ಅಂತ ತಿಳಿಸಿದ್ದರು. ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು, ಬಳಸುವ ಆಮ್ಲಜನಕ ಸುಮಾರು 20 ಪಾಲು. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಎಚ್ಚರ ಹೋಗುತ್ತದೆ. ಉಸಿರುಗಟ್ಟಿದಾಗ ಮೊದಲು ಸಾಯುವುದು ಮೇಲ್ಪದರದ ಕೋಶಗಳು. ಬುಡ ಗಟ್ಟಿ, ಅದು ಉಳಿದುಕೊಳ್ಳಬಹುದು.

ಧಾರವಾಡ_ಮಳಿ
ಅರುಣಾ ಶಾನಭಾಗ ಅವರದ್ದು ಇದೇ ಅಲ್ವಾ? ಹೊನ್ನಾವರದ ಹಳದೀಪುರದವರು. ಮುಂಬೈ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನದೇ ಒಬ್ಬ ಕೆಲಸಗಾರ ಹಲ್ಲೆ ಮಾಡಿ ಅವರ ಕುತ್ತಿಗೆಗೆ ನಾಯಿ ಸರಪಳಿ ಬಿಗಿದ. ಮೆದುಳಿಗೆ ರಕ್ತ ಹೋಗಲಿಲ್ಲ. 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಇದ್ದರು. ಅಲ್ಲಿನ ನರ್ಸ್‌ಗಳು ಅಷ್ಟು ವರ್ಷ ನೋಡಿಕೊಂಡರು. 2011ರಲ್ಲಿ ಅವರ ಕೇಸಿನಲ್ಲೇ ಸುಪ್ರೀಂ ಕೋರ್ಟ್ ದಯಾಮರಣದ ಬಗ್ಗೆ ತೀರ್ಪು ಕೊಟ್ಟಿತು. ಅವರಿಗೆ ಅನುಮತಿ ಕೊಡಲಿಲ್ಲ, ಆದರೆ ಹೈಕೋರ್ಟ್ ಒಪ್ಪಿಗೆಯೊಂದಿಗೆ ಚಿಕಿತ್ಸೆ ನಿಲ್ಲಿಸುವ ದಾರಿ ತೆರೆಯಿತು.

ಉಣಕಲ್_ಕೆರೆ_ದಂಡೆ
ಇಂಥ ಸಮಯದಲ್ಲಿ ದಯಾಮರಣದ ಮಾತು ಬೇಕಿತ್ತಾ?

ಧಾರವಾಡ_ಮಳಿ
ಅವರ ತಮ್ಮನಿಗೆ ಅಂತ ನಾನು ಎಲ್ಲಿ ಹೇಳಿದೆ? ಅಮೆರಿಕದ ಟೆರ್ರಿ ವಾಲಿಸ್ 1984ರಲ್ಲಿ ಅಪಘಾತವಾಗಿ 2003ರಲ್ಲಿ ಮಾತಾಡಿದ. ಅದೂ ಇದೆ, ಇದೂ ಇದೆ.

ರಾತ್ರಿಪಾಳಿ
ವಾಲಿಸ್ ಮಾತಾಡುವ ಮೊದಲೇ ಅಲ್ಪ ಪ್ರಜ್ಞೆಯಲ್ಲಿದ್ದ. ಏನೂ ಇಲ್ಲದವನು ಒಮ್ಮೆಲೇ ಎದ್ದು ಕೂತದ್ದಲ್ಲ. ಸಿನಿಮಾದಲ್ಲಿ ಮಾತ್ರ ಹೀರೋ ಬೆರಳಾಡಿಸಿ, ಮುಂದಿನ ಸೀನಿನಲ್ಲಿ ಫೈಟಿಂಗ್ ಮಾಡುವುದು.

ಲೆಕ್ಕ ಬೇಕಾದವರಿಗೆ: 1994ರಲ್ಲಿ ಅಮೆರಿಕದ ತಜ್ಞರ ತಂಡ ಹಳೆಯ ದಾಖಲೆಗಳನ್ನೆಲ್ಲ ಸೇರಿಸಿ ನೋಡಿತ್ತು. ತಲೆಪೆಟ್ಟಾಗಿ ಒಂದು ತಿಂಗಳಾದರೂ ಕಣ್ಣು ತೆರೆದು ತಿಳಿವಿಲ್ಲದ ದೊಡ್ಡವರಲ್ಲಿ, ವರ್ಷದೊಳಗೆ ಪ್ರಜ್ಞೆ ಬಂದವರು ನೂರಕ್ಕೆ 52. ಪೆಟ್ಟಲ್ಲದ ಕಾರಣಗಳಲ್ಲಿ, ಅಂದರೆ ಹೆಚ್ಚಾಗಿ ಆಮ್ಲಜನಕ ಕೊರತೆಯಲ್ಲಿ, 15. ಪ್ರಜ್ಞೆ ಬರೋದು ಬೇರೆ, ತನ್ನ ಕೆಲಸ ತಾನೇ ಮಾಡಿಕೊಳ್ಳೋದು ಬೇರೆ, ಅದನ್ನೂ ನೆನಪಿಡಿ.

ಗದಗ_ತೋಂಟದ_ಓಣಿ
ಬ್ರೇನ್ ಡೆಡ್ ಅಂತಾರಲ್ಲ, ಅದೂ ಇದೇನಾ? ಸಂಚಾರಿ ವಿಜಯ್ ಅವರಿಗೆ ಹಾಗೆ ಅಂದು ಅಂಗಾಂಗ ತೆಗೆದರು. ಇನ್ನೂ ಸ್ವಲ್ಪ ದಿನ ಕಾದಿದ್ದರೆ?

ಸಿಸ್ಟರ್_ನವನಗರ
ಅಲ್ಲ ರೀ, ಅದು ಪೂರ್ತಿ ಬೇರೆ. ಅಲ್ಲಿ ಬುಡವೂ ಸತ್ತಿರುತ್ತದೆ. ವೆಂಟಿಲೇಟರ್ ನಿಲ್ಲಿಸಿ ನೋಡಿದರೆ ಒಂದೇ ಒಂದು ಉಸಿರು ತಗೊಳ್ಳೋದಿಲ್ಲ. 1994ರ ಕಾನೂನಿನ ಪ್ರಕಾರ ನಾಲ್ಕು ವೈದ್ಯರ ತಂಡ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಅದು ಸಾವು. ಕಾದರೆ ಬರುವಂಥದ್ದೇನಿಲ್ಲ. ಅವರ ಮನೆಯವರು ಆ ದುಃಖದಲ್ಲೂ ದಾನಕ್ಕೆ ಒಪ್ಪಿದ್ದು ದೊಡ್ಡತನ. ಇವರ ತಮ್ಮ ತಾನಾಗೇ ಉಸಿರಾಡ್ತಾನೆ, ಕಣ್ಣು ಬಿಡ್ತಾನೆ. ದಯವಿಟ್ಟು ಎರಡನ್ನೂ ಕಲಸಬೇಡಿ, ವಾರ್ಡಿನಲ್ಲಿ ಇದರಿಂದಲೇ ಗಲಾಟೆ ಆಗೋದು.

ಹೆಸ್ಕಾಂ_ಕಂಬ
ನನಗೊಂದು ಡೌಟು ಸರ್. ಒಳಗೆ ತಿಳೀತಾ ಇದೆ, ಹೊರಗೆ ತೋರಿಸೋಕೆ ಆಗ್ತಿಲ್ಲ, ಹಾಗೆ ಇರಬಹುದಾ?

ರಾತ್ರಿಪಾಳಿ
ಇರಬಹುದು. 2006ರಲ್ಲಿ ಏಡ್ರಿಯನ್ ಓವೆನ್ ತಂಡ ಅಪಘಾತವಾಗಿ ತಿಳಿವಿಲ್ಲ ಅಂದುಕೊಂಡಿದ್ದ 23 ವರ್ಷದ ಹೆಣ್ಣುಮಗಳನ್ನು ಎಂಆರ್‌ಐನಲ್ಲಿ ಮಲಗಿಸಿ "ಟೆನಿಸ್ ಆಡ್ತಿದ್ದೀಯ ಅಂದುಕೋ" ಅಂದರು. ಆರೋಗ್ಯವಂತರ ಮೆದುಳಿನಲ್ಲಿ ಬೆಳಗುವ ಜಾಗವೇ ಬೆಳಗಿತು. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರಗೆ ಸ್ಪಂದಿಸದ 241 ಜನರಲ್ಲಿ 60 ಜನರ ಮೆದುಳು ಒಳಗೆ ಸ್ಪಂದಿಸುತ್ತಿತ್ತು. ನಾಲ್ವರಲ್ಲಿ ಒಬ್ಬರು.

ಹಾಗಾಗಿ ಹಾಸಿಗೆ ಪಕ್ಕ ನಿಂತು "ಇವನದ್ದು ಮುಗೀತು", "ಹೊಲ ಮಾರಬೇಕಾಗುತ್ತೆ" ಅಂತ ಮಾತಾಡಬೇಡಿ.

ಮಿರ್ಚಿ_ಗಿರ್ಮಿಟ್
ಈ ಕೊನೇ ಸಾಲನ್ನು ಎಲ್ಲಾ ಐಸಿಯು ಬಾಗಿಲಿಗೆ ಬರೆಸಬೇಕು. ನಮ್ಮ ಸೋದರತ್ತೆ ಮಲಗಿದ್ದಾಗ ಬಂದ ನೆಂಟರು ಮಾತಾಡಿದ್ದೆಲ್ಲಾ ಬಂಗಾರದ ಪಾಟ್ಲಿ ಯಾರಿಗೆ ಅಂತ. ಅತ್ತೆ ಎದ್ದಮೇಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದರು.

ಏಲಕ್ಕಿ_ಹಾರ
😂 ಪಾಟ್ಲಿ ಕೊನೆಗೆ ಯಾರಿಗೆ ಹೋಯ್ತು?

ಮಿರ್ಚಿ_ಗಿರ್ಮಿಟ್
ಇನ್ನೂ ಅತ್ತೆ ಕೈಯಲ್ಲೇ ಇವೆ.

ಕುಂದಗೋಳ_ಕಡೆಯವ
ಎಲ್ಲರಿಗೂ ಥ್ಯಾಂಕ್ಸ್. ಚೀಟಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಈ ಸಲ ಕೂತು ಮಾತಾಡಿದರು. ಸೋಡಿಯಂ ಕಡಿಮೆ ಇದೆಯಂತೆ, ನಿಧಾನಕ್ಕೆ ಸರಿ ಮಾಡ್ತಿದ್ದಾರೆ. ಇಇಜಿಯಲ್ಲಿ ಫಿಟ್ಸ್ ಇಲ್ಲ. ಎಂಆರ್‌ಐ ಆಯ್ತು, ಡಿಎಐ ಗ್ರೇಡ್ 2 ಅಂತ ಬಂದಿದೆ. ಅಮಂಟಾಡಿನ್ ಅಂತ ಮಾತ್ರೆ ಶುರು ಮಾಡ್ತಾರಂತೆ. ಕನ್ನಡಿ ಹಿಡಿದೆವು. ಬೆಳಿಗ್ಗೆ ಎಡಗಡೆಗೆ ಕಣ್ಣು ಹೋಯಿತು ಅಂತ ಕಾಕಿ ಅಂತಾರೆ, ನಾನು ಹಿಡಿದಾಗ ಹೋಗಲಿಲ್ಲ. ಸರ್, ಬೆಂಗಳೂರಿಗೆ ಒಯ್ಯಬೇಕಾ?

ರಾತ್ರಿಪಾಳಿ
ಗ್ರೇಡ್ 2 ಅಂದರೆ ಎರಡೂ ಬದಿಯನ್ನು ಕೂಡಿಸುವ ದಪ್ಪ ಪಟ್ಟಿಯಲ್ಲಿ ಗಾಯ, ಬುಡದಲ್ಲಿ ಕಂಡಿಲ್ಲ. ಬುಡದಲ್ಲಿದ್ದರೆ 3 ಅಂತ ಬರೆಯುತ್ತಿದ್ದರು. ಅಮಂಟಾಡಿನ್ ಬಗ್ಗೆ 2012ರಲ್ಲಿ 184 ಜನರ ಮೇಲೆ ಒಳ್ಳೇ ಅಧ್ಯಯನ ಬಂದಿದೆ, ಕೊಟ್ಟ ನಾಲ್ಕು ವಾರ ಚೇತರಿಕೆಯ ವೇಗ ಹೆಚ್ಚಿತ್ತು.

ಎಳೆ ಹರಿದದ್ದನ್ನು ಕೂಡಿಸುವ ಆಪರೇಷನ್ ಬೆಂಗಳೂರಲ್ಲೂ ಇಲ್ಲ, ಮಿರಜಿನಲ್ಲೂ ಇಲ್ಲ. ಈಗ ಬೇಕಾದದ್ದು ಸೋಂಕು ಬರದಂತೆ ನೋಡಿಕೊಳ್ಳುವುದು, ಹೊಟ್ಟೆಗೆ ಸರಿಯಾಗಿ ಹೋಗುವುದು, ಕೀಲು ಬಿಗಿಯದಂತೆ ಫಿಸಿಯೋಥೆರಪಿ, ಮೈ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಇಲ್ಲಿ ಇದು ಚೆನ್ನಾಗಿ ನಡೀತಿದ್ದರೆ ಆಂಬ್ಯುಲೆನ್ಸ್ ದುಡ್ಡನ್ನು ಫಿಸಿಯೋಗೆ ಇಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದ ಡೆಸ್ಕಿನಲ್ಲಿ ಕೇಳಿ, ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಇದೆ.

ಉಣಕಲ್_ಕೆರೆ_ದಂಡೆ
ಡಿಸ್ಚಾರ್ಜ್ ಆಗುವ ಮೊದಲು ಏರ್ ಬೆಡ್ ವ್ಯವಸ್ಥೆ ಮಾಡಿಕೊಳ್ಳಿ. ಹೊಸದು ತಗೋಬೇಡಿ, ಬಾಡಿಗೆಗೆ ಸಿಗುತ್ತದೆ.

ಸಿಸ್ಟರ್_ನವನಗರ
ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಬೆಡ್ ಬಂತು ಅಂತ ಎಲ್ಲರೂ ಮಲಗಿಬಿಡ್ತಾರೆ. ಹಳ್ಳಿಯಲ್ಲಿ ಕರೆಂಟ್ ಹೋದರೆ ಪಂಪ್ ನಿಂತು ಗಾಳಿ ಇಳಿಯುತ್ತದೆ, ಅದನ್ನೂ ನೋಡಿಕೊಳ್ಳಿ.

ಹೆಸ್ಕಾಂ_ಕಂಬ
ಕರೆಂಟ್ ಅಂದ ಕೂಡಲೇ ನನ್ನ ಕಡೆ ನೋಡಬೇಡಿ ಸಿಸ್ಟರ್.

ಲಕ್ಷ್ಮೇಶ್ವರ_ಅಕ್ಕ
ತಮ್ಮಾ, ಬಾಡಿಗೆ ಏನೂ ಬೇಡ. ಮಾವನವರಿಗೆ ತಂದ ಏರ್ ಬೆಡ್ ಅಟ್ಟದ ಮೇಲೆ ಸುಮ್ನೆ ಬಿದ್ದಿದೆ, ಪಂಪ್ ಚಾಲೂ ಇದೆ. ಪೈಪ್ ಒಂದು ಕಡೆ ಸೋರುತ್ತಿತ್ತು, ಎಂ-ಸೀಲ್ ಹಚ್ಚಿದ್ದೇವೆ. ಮೆಸೇಜ್ ಮಾಡು, ನಮ್ಮ ಮನೆಯವರು ಗುರುವಾರ ಹುಬ್ಬಳ್ಳಿಗೆ ಬರ್ತಾರೆ.